ಲೇಡಿ, ಬ್ಯಾರನೆಸ್, ಸಾಹೇಬರ ಮನಿಯವರು

"ದುಡ್ಡಿದ್ದೋರ ಆಟ ಅದು. ಅದರಾಗ ನಮಗೇನದ?"

ಕೇಳಿದವರು ಕಮಲಾಪುರದ ಒಬ್ಬ ನಿವೃತ್ತ ಪಿ.ಟಿ. ಮಾಸ್ತರು. ಸೇವೆಯಲ್ಲಿದ್ದಷ್ಟು ಕಾಲವೂ ಹೈಸ್ಕೂಲು ಮಕ್ಕಳಿಗೆ ಕಬಡ್ಡಿ, ಖೊಖೊ, ಗುಂಡು ಎಸೆತ ಕಲಿಸಿದವರು. ಉತ್ತರ ಕೊಡಬೇಕಾದವಳು ಅವರ ತಂಗಿಯ ಮಗಳು, ಕಲಬುರಗಿಯಲ್ಲಿ ಮಕ್ಕಳಿಗೆ ಟೆನ್ನಿಸ್ ಹೇಳಿಕೊಡುವ ಕೋಚ್. ಪಿಂಚಣಿ ಕೆಲಸಕ್ಕೆಂದು ಶಹರಕ್ಕೆ ಬಂದಿದ್ದ ಮಾಸ್ತರು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕಡೆ ಕಾಲು ಹಾಕಿ, ಟೆನ್ನಿಸ್ ಅಂಗಳದ ಬದಿಯ ಕಟ್ಟೆಯ ಮೇಲೆ ಕೂತಿದ್ದರು. ಇದೇ ಊರಲ್ಲಿ 2023ರ ಕೊನೆಗೆ ಅಂತರರಾಷ್ಟ್ರೀಯ ಟೆನ್ನಿಸ್ ಒಕ್ಕೂಟದ ಪುರುಷರ ಟೂರ್ನಿ ನಡೆದು ರಾಮಕುಮಾರ್ ರಾಮನಾಥನ್ ಗೆದ್ದದ್ದು ಅವರಿಗೆ ಗೊತ್ತು. ಅಷ್ಟರಿಂದಲೇ ಆಟ ಬಡವರದಾಯಿತು ಎಂದು ಒಪ್ಪುವ ಆಸಾಮಿ ಅವರಲ್ಲ.

ಕೋಚ್ ಬಿಡುವಿನಲ್ಲಿ ಮೊಬೈಲು ಹಿಡಿದು 1930ರ ಸುಮಾರಿನ ಹಳೆಯ ಪಂದ್ಯಗಳ ಪಟ್ಟಿ ನೋಡುತ್ತಿದ್ದಳು. ಮಾಸ್ತರ ಪ್ರಶ್ನೆ ಹುಟ್ಟಿದ್ದು ಆ ಪಟ್ಟಿಯಿಂದ.

"ಇದ್ಯಾರು ಬ್ಯಾರನೆಸ್ ಲೆವಿ? ಹೆಸರೇ ಇಲ್ಲ, ಬರೇ ಪದವಿ."

"ಅದನ್ನೇ ನೋಡ್ಲತ್ತಿದ್ದೆ ಮಾಮಾ. ಆಕಿ ಸ್ವಂತ ಹೆಸರು ಮಾಡ್ ರೋಸೆನ್‌ಬಾಮ್. ಅಮೆರಿಕಾದ ಶಿಕಾಗೋದಾಕಿ, ಯಹೂದಿ ಮನೆತನ. ಇಟಲಿಯ ಒಬ್ಬ ಬ್ಯಾರನ್ನನ ಲಗ್ನ ಆಗಿ ಇಟಲಿ ಪರವಾಗಿ ಆಡಿದಳು. ಪೇಪರಿನ್ಯಾಗ ಬ್ಯಾರನೆಸ್ ಲೆವಿ ಆದಳು. ಆ ಲಗ್ನ ಮುರೀತು. ಅಮೆರಿಕಾಕ್ಕ ತಿರುಗಿ ಹೋಗಿ ಇನ್ನೊಂದು ಲಗ್ನ ಆದ ಮ್ಯಾಲ ಮಿಸೆಸ್ ಬ್ಲೂಮೆಂಥಾಲ್. ಆಡಿದಾಕಿ ಒಬ್ಬಾಕಿನೇ, ದಾಖಲಿಯಾಗ ಮೂರು ಹೆಸರು."

"ಇಟಲಿ ಬಿಟ್ಟು ಹೋಗಿದ್ದು ಛಲೋನೇ ಆತು ಅನ್ನು."

"ಖರೇ ರಿ. 1938ರಾಗ ಮುಸೊಲಿನಿ ಸರಕಾರ ಯಹೂದಿಗಳ ವಿರುದ್ಧ ಕಾಯ್ದೆ ತಂತು. ಅಲ್ಲೇ ಇದ್ದಿದ್ರ ಬ್ಯಾರನೆಸ್ ಅನ್ನೋ ಪದವಿ ಆಕಿನ್ನ ಎಷ್ಟು ದಿವಸ ಕಾಯ್ತಿತ್ತೋ!"

ಯಹೂದಿ ಎಂಬ ಮಾತು ಮಾಸ್ತರರಿಗೆ ಪಠ್ಯಪುಸ್ತಕದಾಚೆಗೆ ಪರಿಚಯವಿದ್ದುದಲ್ಲ. ನಮ್ಮ ಕಡೆ ಅವರಿದ್ದರೇ ಎಂದು ಕೇಳಿದರು. ಬೆಂಗಳೂರಿನಲ್ಲಿ ಇದ್ದರು, ಮೈಸೂರು ರಸ್ತೆಯಲ್ಲಿ ಅವರ ಸ್ಮಶಾನ ಇವತ್ತಿಗೂ ಇದೆ ಎಂದು ಆಕೆ ಹೇಳಿದಳು. ಆದರೆ ಟೆನ್ನಿಸ್ ಆಡುವ ಬ್ಯಾರನೆಸ್ ಇಲ್ಲಿಲ್ಲ.

"ಭಾಳ ಹತ್ತಿರದಾಕಿ ಒಬ್ಬಾಕಿ ಇದ್ದಾಳ ಮಾಮಾ. ಯಹೂದಿ ಅಲ್ಲ, ಪಾರ್ಸಿ. ಬೆಂಗಳೂರು, ಮೈಸೂರಾಗ ಬೆಳೆದಾಕಿ. ಮನಿ ಹೆಸರು ನಿಮಗೂ ಗೊತ್ತು."

"ಯಾರದು?"

"ಟಾಟಾ."

ಮಾಸ್ತರು ನಕ್ಕರು. ಟಾಟಾ ಎಂದರೆ ಅವರಿಗೆ ಲಾರಿ, ಉಪ್ಪು ಮತ್ತು ಪರೇಲಿನ ಆಸ್ಪತ್ರೆ. ಟೆನ್ನಿಸ್ ಆಡುವ ಹೆಂಗಸು ಆ ಸಾಲಿನಲ್ಲಿ ಇರಲಿಲ್ಲ.

ಮೆಹರ್‌ಬಾಯಿ ಭಾಭಾ ಹುಟ್ಟಿದ್ದು 1879ರ ಅಕ್ಟೋಬರ್ 10ರಂದು. ತಂದೆ ಹೋರ್ಮಸ್‌ಜಿ ಭಾಭಾ ಇಂಗ್ಲೆಂಡಿನಲ್ಲಿ ಓದಿ ಬಂದವರು; ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಹುದ್ದೆಯವರೆಗೆ ಏರಿದರು. ಹೀಗಾಗಿ ಹುಡುಗಿಯ ಬಾಲ್ಯ ಕಳೆದದ್ದು ಕನ್ನಡದ ನೆಲದಲ್ಲಿ: ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆಮೇಲೆ ಮೈಸೂರು. ಇಂಗ್ಲಿಷು, ಲ್ಯಾಟಿನ್ನು, ಪಿಯಾನೋ ಎಲ್ಲ ಆಯಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ, ಶಾಲೆಗಳ ಮೇಲಧಿಕಾರಿಯ ಮನೆಯಲ್ಲಿ ಹುಟ್ಟಿದ್ದು ಆಕೆಯ ಮೊದಲ ಅದೃಷ್ಟ. ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಜಮ್‌ಶೆಟ್‌ಜಿ ಟಾಟಾ ಭಾಭಾ ಅವರ ಮನೆಯಲ್ಲಿ ಈ ಹುಡುಗಿಯನ್ನು ಕಂಡು ಮೆಚ್ಚಿದರು. ಮುಂಬೈಗೆ ಮರಳಿದವರೇ ಹಿರಿಯ ಮಗ ದೊರಾಬ್‌ಜಿಯನ್ನು, ಹೋಗಿ ಭಾಭಾ ಮನೆಯವರನ್ನು ಕಂಡು ಬಾ ಎಂದು ಕಳಿಸಿದರು.

"ಅಂದ್ರ ಹೆಣ್ಣ ನೋಡ್ಲಕ ಮೊದಲು ಮಾವ ಹೋದ, ಆಮ್ಯಾಲ ಮಗ. ನಮ್ಮ ಕಡೆ ಪದ್ಧತಿನೇ ಆತಲ್ಲ!"

"ವಯಸ್ಸಿನ ಅಂತರಾನೂ ನಮ್ಮ ಕಡೆದೇ. ಆತ 1859ರಾಗ ಹುಟ್ಟಿದಂವ. ಇಪ್ಪತ್ತು ವರ್ಷ ದೊಡ್ಡಂವ."

1890ರ ದಶಕದ ಕೊನೆಗೆ ಮದುವೆಯಾಯಿತು. ದೊರಾಬ್‌ಜಿ ಕೇಂಬ್ರಿಜ್‌ನಲ್ಲಿದ್ದಾಗಲೇ ಆಟಗಾರ, ಕುದುರೆ ಸವಾರ. 1910ರಲ್ಲಿ ಅವರಿಗೆ ಸರ್ ಪದವಿ ಬಂತು. ಅಲ್ಲಿಂದ ಮೆಹರ್‌ಬಾಯಿ ಲೇಡಿ ಟಾಟಾ ಆದರು. ಅಣುವಿಜ್ಞಾನಿ ಹೋಮಿ ಭಾಭಾ ಮೆಹರ್‌ಬಾಯಿಯ ಸೋದರನ ಮಗ. ಲೇಡಿ ಟಾಟಾ ಕುದುರೆ ಸವಾರಿ ಮಾಡಿದರು, 1912ರಲ್ಲಿ ಜೆಪ್ಪೆಲಿನ್ ಆಕಾಶನೌಕೆ ಏರಿದರು. ಎಲ್ಲಕ್ಕಿಂತ ಹೆಚ್ಚಾಗಿ ಟೆನ್ನಿಸ್ ಆಡಿದರು. ಪಶ್ಚಿಮ ಭಾರತದ ಟೂರ್ನಿಯೂ ಸೇರಿ ಗೆದ್ದ ಬಹುಮಾನಗಳ ಲೆಕ್ಕ 60 ದಾಟಿತು. ಅದೂ ಸೀರೆ ಉಟ್ಟುಕೊಂಡು.

"ಸೀರಿ ಉಟ್ಟು ಟೆನ್ನಿಸ್? ಆಗಲಿಕ್ಕಿಲ್ಲ ಬಿಡು."

ಇಂಥ ಕಡೆ ವಾದಕ್ಕಿಂತ ಪ್ರಯೋಗ ವಾಸಿ. ಕೋಚ್ ಮಾಮಾನ ಹೆಗಲ ಮೇಲಿದ್ದ ಶಲ್ಯವನ್ನು ಎಳೆದುಕೊಂಡಳು. ಪಾರ್ಸಿ ಹೆಂಗಸರ ಉಡಿಗೆಯಲ್ಲಿ ಸೆರಗು ಹಿಂದಿನಿಂದ ಬಲ ಹೆಗಲ ಮೇಲೆ ಬಂದು ಎದೆಯ ಮುಂದೆ ಇಳಿಯುತ್ತದೆ. ಶಲ್ಯವನ್ನು ಹಾಗೇ ಹೊದ್ದು, ಒಂದು ತುದಿಯನ್ನು ಸೊಂಟಕ್ಕೆ ಸಿಗಿಸಿ, ಸರ್ವ್ ಮಾಡಲು ಬಲಗೈ ಎತ್ತಿದಳು. ಬ್ಯಾಟು ತಲೆಯ ಹಿಂದಕ್ಕೆ ಹೋಗುವಷ್ಟರಲ್ಲಿ ಬಟ್ಟೆ ಭುಜದಿಂದ ಜಾರಿ ಮೊಣಕೈಗೆ ಸುತ್ತಿಕೊಂಡಿತು. ಚೆಂಡು ಬಲೆಗೆ ಬಿತ್ತು. ಮಕ್ಕಳು ಕಿಸಕ್ಕನೆ ನಕ್ಕರು. ಎರಡನೇ ಸಲ ಭುಜದ ಹತ್ತಿರ ಒಂದು ಪಿನ್ನು ಹಾಕಿ ಹೊಡೆದಳು. ಚೆಂಡು ಆಚೆ ಬದಿಗೆ ಹೋಯಿತಾದರೂ ತೋಳು ಪೂರ್ತಿ ಚಾಚಲಿಲ್ಲ.

"ಇದು ಶಲ್ಯ ಆತು ಮಾಮಾ. ಕಾಲಿಗೆ ಸುತ್ತಿಕೊಳ್ಳೋ ನಿರಿಗಿ ಬ್ಯಾರೆ. ಬ್ಯಾಟು ಕಟ್ಟಿಗಿದು, ಈಗಿನದಕ್ಕಿಂತ ನೂರು ಗ್ರಾಂ ಹತ್ತಿರ ಜಾಸ್ತಿ ಭಾರ. ಮುಂದಕ ಓಡಿ ಬಾಗಿ ಹೊಡೀಬೇಕು, ಹಿಂದಕ ಸರೀಬೇಕು, ಅದೂ ನಿರಿಗಿ ತುಳೀದೇ. ಹಂಗ ಆಡಿ 60 ಕಪ್ ಗೆದ್ದಾರ. ಆಕಿ ಗಂಡ ಸಾಹುಕಾರ ಅಂತ ಎದುರಿನಾಕಿ ಪಾಯಿಂಟ್ ಬಿಟ್ಟು ಕೊಡ್ತಾಳೇನು?"

ಯುರೋಪಿನ ಹೆಂಗಸರ ಪಾಡೂ ಸುಖದ್ದೇನಲ್ಲ. ವಿಂಬಲ್ಡನ್‌ನಲ್ಲಿ ಹೆಂಗಸರ ಸ್ಪರ್ಧೆ ಶುರುವಾದದ್ದು 1884ರಲ್ಲಿ. ಆಗ ನೆಲ ಮುಟ್ಟುವ ಲಂಗ, ಒಳಗೆ ಉಸಿರು ಬಿಗಿಯುವ ಕಾರ್ಸೆಟ್ಟು. 1919ರಲ್ಲಿ ಫ್ರಾನ್ಸಿನ ಸುಜಾನ್ ಲಾಂಗ್ಲೆನ್ ಕಾರ್ಸೆಟ್ ಬಿಟ್ಟು, ಮೀನಖಂಡದವರೆಗಿನ ಹಗುರ ಉಡುಪಿನಲ್ಲಿ ಬಂದು ಗೆದ್ದಾಗ ಲಂಡನ್ನಿನ ಪತ್ರಿಕೆಗಳಿಗೆ ಸುಗ್ಗಿ. ಲೇಡಿ ಟಾಟಾ ಲಂಗದ ಕಡೆಗೂ ಹೋಗಲಿಲ್ಲ, ಲಾಂಗ್ಲೆನ್‌ಳ ಕಡೆಗೂ ಹೋಗಲಿಲ್ಲ. ಸೀರೆ ಅವರ ಹಟ. ಅದನ್ನು ದೇಶಾಭಿಮಾನವೆನ್ನಿ, ಶ್ರೀಮಂತರ ಠೀವಿಯೆನ್ನಿ; ಆಟಕ್ಕೆ ಅದರಿಂದ ತೊಂದರೆ ಇತ್ತು, ಆದರೂ ಗೆದ್ದರು ಎನ್ನುವುದು ಉಳಿಯುತ್ತದೆ.

ಮಾಸ್ತರು ಶಲ್ಯ ಮಡಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಸೀರಿ ಉಟ್ಟು ಆಡೋದು ನಾ ನೋಡೀನಿ. ಈಗ ನೆನಪಾತು."

"ಎಲ್ಲಿ?"

"ಇಲ್ಲೇ, ಗುಲ್ಬರ್ಗಾದಾಗ. ನಾ ಸಣ್ಣಾಂವ ಇದ್ದೆ, ಅರವತ್ತರ ದಶಕ. ಕಾಕಾನ ಮನ್ಯಾಗ ಇದ್ದು ಓದ್ತಿದ್ದೆ. ಸಂಜಿ ಮುಂದ ಒಂದು ಕ್ಲಬ್ಬಿನ್ಯಾಗ ಚೆಂಡು ಆರಿಸ್ಲಕ ಹೋಗ್ತಿದ್ವಿ. ಅಧಿಕಾರಿಗಳು ಆಡ್ತಿದ್ರು. ಒಬ್ಬ ಬಾಯಿ ಬರ್ತಿದ್ರು, ಬಿಳಿ ಸೀರಿ, ಕಾಲಾಗ ಕ್ಯಾನ್ವಾಸ್ ಬೂಟು. ಸೆರಗು ಸೊಂಟಕ್ಕ ಗಟ್ಟಿ ಕಟ್ಟಿ, ನೆಟ್ ಹತ್ತಿರ ನಿಂತು ಹೊಡೆದ್ರಂದ್ರ ಗಂಡಸರು ದಿಕ್ಕಾಪಾಲು. ಆಟ ಮುಗಿದ ಮ್ಯಾಲ ಬ್ಯಾಟನ್ನ ಒಂದು ಕಟ್ಟಿಗಿ ಚೌಕಟ್ಟಿನ್ಯಾಗ ಇಟ್ಟು ನಾಕೂ ಮೂಲಿಗೆ ತಿರುಪು ಬಿಗೀತಿದ್ರು. ಮಳಿಗಾಲದಾಗ ಬ್ಯಾಟು ಸೊಟ್ಟ ಆಗಬಾರದಂತ. ಆ ತಿರುಪು ಬಿಗಿಯೋ ಕೆಲಸ ನನಗ ಕೊಡ್ತಿದ್ರು."

"ಹೆಸರೇನ್ರಿ ಅವರದು?"

"ಹೆಸರು ಯಾರಿಗೆ ಗೊತ್ತು? ಸಾಹೇಬರ ಮನಿಯವರು ಅಂತಿದ್ವಿ. ಸಾಹೇಬರ ಹೆಸರು ನೆನಪದ."

ಕೋಚ್ ಏನೂ ಅನ್ನಲಿಲ್ಲ. ಮೊಬೈಲಿನ ಪಟ್ಟಿಯನ್ನು ಮಾಮಾನ ಮುಂದೆ ಹಿಡಿದಳು. ಬ್ಯಾರನೆಸ್ ಲೆವಿ ಎಂಬ ಸಾಲು ಇನ್ನೂ ಅಲ್ಲೇ ಇತ್ತು.

ದುಡ್ಡಿನ ಪ್ರಶ್ನೆಯನ್ನು ಮಾಸ್ತರು ಬಿಟ್ಟಿರಲಿಲ್ಲ. ಬಿಡಬೇಕಾದದ್ದೂ ಅಲ್ಲ, ಆ ಕಾಲದ ಟೆನ್ನಿಸಿನ ಕೀಲಿಯೇ ಅಲ್ಲಿದೆ. ವಿಂಬಲ್ಡನ್‌ನಂಥ ದೊಡ್ಡ ಟೂರ್ನಿಗಳು 1968ರವರೆಗೆ ಹವ್ಯಾಸಿಗಳಿಗೆ ಮಾತ್ರ ಮೀಸಲು. ಗೆದ್ದರೆ ಬೆಳ್ಳಿಯ ತಟ್ಟೆ, ಕಪ್ಪು, ಚಪ್ಪಾಳೆ. ನಗದು ಮುಟ್ಟಿದವರು ವೃತ್ತಿಪರರು, ಅವರಿಗೆ ಬಾಗಿಲು ಬಂದ್. ಲಾಂಗ್ಲೆನ್ ಕೂಡ 1926ರಲ್ಲಿ 50,000 ಡಾಲರಿನ ಕರಾರಿಗೆ ಸಹಿ ಹಾಕಿ ಅಮೆರಿಕದಲ್ಲಿ ಪ್ರದರ್ಶನ ಪಂದ್ಯ ಆಡಲು ಹೊರಟಮೇಲೆ ವಿಂಬಲ್ಡನ್ ಅಂಗಳಕ್ಕೆ ಆಟಗಾರ್ತಿಯಾಗಿ ಮರಳಲಿಲ್ಲ. ಹಣ ಗಳಿಸಬಾರದು ಎಂಬ ನಿಯಮ ಕೇಳಲು ಸಾತ್ವಿಕವಾಗಿದೆ. ಅದರ ನಿಜವಾದ ಕೆಲಸ, ಹಣ ಇಲ್ಲದವರನ್ನು ಹೊರಗಿಡುವುದು. ಮುಂಬೈಯಿಂದ ಹಡಗು, ಹೋಟೆಲು, ಬ್ಯಾಟು, ತಂತಿ, ಕ್ಲಬ್ಬಿನ ಚಂದಾ, ಎಲ್ಲ ಸ್ವಂತ ಗಂಟಿನಿಂದ.

"ಅದಕ್ಕೇ ಅಂದೆ, ದುಡ್ಡಿದ್ದೋರ ಆಟ," ಮಾಸ್ತರು ಗೆದ್ದ ದನಿಯಲ್ಲಿ ಹೇಳಿದರು.

"ಗಂಡಸರಿಗೆ ದುಡ್ಡು ಇಲ್ಲಾಂದ್ರ ನೌಕರಿ ಇತ್ತು ಮಾಮಾ. ಸರಕಾರಿ ಅಧಿಕಾರಿ ಆದ್ರ ಕ್ಲಬ್ಬಿನ್ಯಾಗ ಪ್ರವೇಶ. ಹೆಂಗಸರಿಗೆ ಎರಡೇ ದಾರಿ, ಅಪ್ಪ ಇಲ್ಲಾ ಗಂಡ. ಅದರಾಗ ಅವರು ಏನು ಮಾಡಿದ್ರು ಅನ್ನೋದು ನೋಡಬೇಕು."

1924ರ ಪ್ಯಾರಿಸ್ ಒಲಿಂಪಿಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಭಾರತದ ತಂಡಗಳನ್ನು ಒಲಿಂಪಿಕ್ಸಿಗೆ ಕಳಿಸುವ ಕೆಲಸಕ್ಕೆ 1920ರಿಂದಲೂ ಹೆಗಲು ಕೊಟ್ಟವರು ದೊರಾಬ್‌ಜಿ. ಪ್ಯಾರಿಸ್ಸಿಗೆ ಹೋದ ಟೆನ್ನಿಸ್ ತಂಡದಲ್ಲಿ ಐ.ಸಿ.ಎಸ್. ಅಧಿಕಾರಿ ಸಿಡ್ನಿ ಜೇಕಬ್ ಇದ್ದರು. ಸಿಂಗಲ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ತನಕ ಹೋದರು. ಹೆಂಗಸರ ಸಿಂಗಲ್ಸ್ ಆಡಿದಾಕೆ ಮಿಸೆಸ್ ಪಾಲಿ. ನೋರಾ ಪಾಲಿ ಎಂಬ ಪೂರ್ಣ ಹೆಸರಿನಿಂದ ಆಕೆಯನ್ನು ನೆನೆಯುವವರು ಕಡಿಮೆ. ಒಲಿಂಪಿಕ್ಸಿನಲ್ಲಿ ಭಾರತದ ಪರ ಆಡಿದ ಹೆಂಗಸರ ಕಥೆ ಶುರುವಾಗುವುದೇ ಈಕೆಯಿಂದ. ಮಿಶ್ರ ಡಬಲ್ಸ್ ಪಟ್ಟಿಯಲ್ಲಿ ಮೊಹಮ್ಮದ್ ಸ್ಲೀಂ ಜೊತೆ ಲೇಡಿ ಟಾಟಾ ಹೆಸರಿತ್ತು. ಆಗ ಅವರಿಗೆ ವಯಸ್ಸು 44. ಆ ವರ್ಷದ ನಂತರ ಟೆನ್ನಿಸನ್ನೇ ಒಲಿಂಪಿಕ್ಸಿನಿಂದ ತೆಗೆದುಹಾಕಿದರು. ಪದಕದ ಆಟವಾಗಿ ಅದು ಮರಳಿದ್ದು 1988ರಲ್ಲಿ.

"ಅದೇ ತಂಡದಾಗ ನಮ್ಮವರೂ ಒಬ್ಬರು ಇದ್ರು ಮಾಮಾ."

"ನಮ್ಮವರು ಅಂದ್ರ?"

"ಹೈದರಾಬಾದಿನವರು. ಆಗ ಗುಲ್ಬರ್ಗಾ ನಿಜಾಮರದೇ ಅಲ್ಲೇನ್ರಿ? ಸೈಯದ್ ಮೊಹಮ್ಮದ್ ಹಾದಿ. ಏಳು ಆಟ ಬಲ್ಲವರಂತ, ರೇನ್‌ಬೋ ಹಾದಿ ಅಂತಿದ್ರು. ಪ್ಯಾರಿಸ್ಸಿನ್ಯಾಗ ಟೆನ್ನಿಸ್ ಆಡಿ ಬಂದು, ರಣಜಿ ಟ್ರೋಫಿಯಾಗ ಮೊಟ್ಟಮೊದಲ ಶತಕ ಹೊಡೆದವರೂ ಅವರೇ."

ಹಾದಿ ಅವರ ಹೆಸರನ್ನು ಮಾಸ್ತರು ಕೇಳಿದ್ದರು. ಕ್ರೀಡಾ ರಸಪ್ರಶ್ನೆಯಲ್ಲಿ ಹುಡುಗರಿಗೆ ಕೇಳಿಯೂ ಇದ್ದರು. ನೋರಾ ಪಾಲಿಯ ಪ್ರಶ್ನೆ ಯಾವತ್ತೂ ಹಾಕಿರಲಿಲ್ಲ.

ಮಾಸ್ತರು ಆ ರಾತ್ರಿ ಶಹರದಲ್ಲೇ ಉಳಿದರು. ಮರುದಿನ ರವಿವಾರ. ಕೋಚ್ ಕೂಡ ಕಮಲಾಪುರಕ್ಕೆ ಹೊರಟಳು. ಬಸ್ಸು ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ ಕ್ರಾಸಿನಲ್ಲಿ ಅರ್ಧ ಖಾಲಿಯಾದ ಮೇಲೆ ಇಬ್ಬರಿಗೂ ಕಿಟಕಿ ಬದಿಯ ಸೀಟು ಸಿಕ್ಕಿತು. ಎರಡೂ ಕಡೆ ತೊಗರಿ ಹೊಲ. ಬೆಳಗಿನಿಂದ ಮಾಸ್ತರರನ್ನು ಕಾಡುತ್ತಿದ್ದ ಸಂಶಯ ಈಗ ಹೊರಗೆ ಬಂತು.

"ಆ ಬ್ಯಾರನೆಸ್ ಪಾರಾದಳು. ಪಾರಾಗದಾಕಿ ಯಾರೂ ಇಲ್ಲೇನು?"

ಇದ್ದಳು. ನೆಲ್ಲಿ ನೆಪ್ಪಾಖ್. 1898ರಲ್ಲಿ ಫ್ರಾಂಕ್‌ಫರ್ಟಿನ ಯಹೂದಿ ಮನೆತನವೊಂದರಲ್ಲಿ ಹುಟ್ಟಿದಾಕೆ. ಗಂಡ ರಾಬರ್ಟ್ ನೆಪ್ಪಾಖ್ ಬರ್ಲಿನ್ನಿನಲ್ಲಿ ಸಿನಿಮಾದ ಸೆಟ್ಟುಗಳ ವಿನ್ಯಾಸಕ. 1920ರಿಂದ 1926ರವರೆಗಿನ ಏಳು ವರ್ಷಗಳಲ್ಲಿ ಜರ್ಮನಿಯ ಹೆಂಗಸರ ಸಿಂಗಲ್ಸ್ ಪಟ್ಟವನ್ನು ಆರು ಸಲ ಗೆದ್ದವಳು ಇಲ್ಸೆ ಫ್ರೀಡ್‌ಲೆಬೆನ್. ಉಳಿದ ಒಂದು, 1925ರದು, ನೆಲ್ಲಿಯದು. ಇಬ್ಬರೂ ಯಹೂದಿಗಳು. ಅಂದರೆ ಏಳು ವರ್ಷ ಜರ್ಮನಿಯಲ್ಲಿ ಬೇರೆಯವರಿಗೆ ಆ ಪಟ್ಟ ಸಿಗಲೇ ಇಲ್ಲ.

"ಆಮ್ಯಾಲ ಹಿಟ್ಲರ್ ಬಂದ."

"1933ರ ಜನವರಿಯಾಗ ಬಂದ. ಏಪ್ರಿಲ್‌ದಾಗ ಟೆನ್ನಿಸ್ ಒಕ್ಕೂಟ ಯಹೂದಿಗಳನ್ನ ದೇಶದ ತಂಡದಿಂದ ಹೊರಗ ಹಾಕ್ತು. ನೆಲ್ಲಿ ಆಡ್ತಿದ್ದ ಟೆನ್ನಿಸ್ ಬೊರುಸ್ಸಿಯಾ ಅನ್ನೋ ಬರ್ಲಿನ್ ಕ್ಲಬ್ಬಿನಿಂದಲೂ ಯಹೂದಿ ಸದಸ್ಯರು ಹೊರಗ ಬಿದ್ರು. ಒಕ್ಕೂಟಕ್ಕ ಮೂರು ತಿಂಗಳೂ ಬೇಕಾಗಲಿಲ್ಲ ನೋಡ್ರಿ. ಸರಕಾರ ಹೇಳೋಕ್ಕಿಂತ ಮೊದಲೇ ಬಗ್ಗಿದವರೇ ಹೆಚ್ಚು."

"ಆಕಿ?"

"ಮೇ ತಿಂಗಳಾಗ ಜೀವ ಕಳಕೊಂಡಳು. ತಾನೇ. 34 ವರ್ಷ."

ಮಾಸ್ತರು ಕಿಟಕಿಯ ಹೊರಗೆ ನೋಡಿದರು. ಮೇ 7ರ ರಾತ್ರಿಯ ಆ ಸಾವು ಜರ್ಮನಿಯ ಕ್ರೀಡಾ ಚರಿತ್ರೆಯಲ್ಲಿ ದಶಕಗಳ ಕಾಲ ಯಾರಿಗೂ ಬೇಡದ ಒಂದು ಸಾಲಾಗಿ ಬಿದ್ದಿತ್ತು. ಗಂಡಸರ ತಂಡದಿಂದ ಹೊರಬಿದ್ದ ಡೇನಿಯಲ್ ಪ್ರೆನ್ ವಿಷಯ ಬೇರೆ. ಆತನ ಪರವಾಗಿ ಇಂಗ್ಲೆಂಡಿನ ಫ್ರೆಡ್ ಪೆರ್ರಿ ಮತ್ತು ಬನ್ನಿ ಆಸ್ಟಿನ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಕಾಗದ ಬರೆದು ಪ್ರತಿಭಟಿಸಿದರು. ಪ್ರೆನ್ ಇಂಗ್ಲೆಂಡಿಗೆ ಹೋಗಿ ನೆಲೆಸಿದ. ಫ್ರೀಡ್‌ಲೆಬೆನ್ ಕೂಡ ದೇಶ ಬಿಟ್ಟು ಉಳಿದುಕೊಂಡಳು.

"ಅಲ್ಲಾ, ಇದು ಜರ್ಮನಿ ಕಥಿ. ಇಂಗ್ಲೆಂಡಿನ್ಯಾಗ ಸರಿ ಇತ್ತೇನು?"

"ಯುದ್ಧ ಮುಗಿದ ಮ್ಯಾಲೂ ಸರಿ ಇರಲಿಲ್ಲ. ಆಂಜೆಲಾ ಬಕ್ಸ್‌ಟನ್ ಅಂತ, ಅಪ್ಪ ಸಿನಿಮಾ ಟಾಕೀಸುಗಳ ಮಾಲಕ, ರೊಕ್ಕಕ್ಕ ಕಡಿಮಿ ಇರಲಿಲ್ಲ. ಲಂಡನ್ನಿನ ಕಂಬರ್ಲೆಂಡ್ ಕ್ಲಬ್ಬಿನ್ಯಾಗ ಯಹೂದಿ ಅಂತ ಸೇರಿಸಿಕೊಳ್ಳಲಿಲ್ಲ. ಆಕಿಗೆ ಜೋಡಿ ಸಿಕ್ಕಿದ್ದು ಎಲ್ಲಿ ಗೊತ್ತೇನ್ರಿ? ನಮ್ಮ ದೇಶದಾಗ. 1955ರಾಗ ಇಲ್ಲಿ ಟೂರ್ನಿ ಆಡ್ಲಕ ಬಂದಾಗ ಆಲ್ಥಿಯಾ ಗಿಬ್ಸನ್ ಜೋಡಿ ದೋಸ್ತಿ ಆತು. ಆಕಿ ಅಮೆರಿಕಾದ ಕರಿಯಾಕಿ, ಆಕಿ ಜೋಡಿ ಡಬಲ್ಸ್ ಆಡ್ಲಕ ಭಾಳ ಮಂದಿ ತಯಾರಿರಲಿಲ್ಲ. ಇಬ್ಬರೂ ಕೂಡಿ 1956ರಾಗ ವಿಂಬಲ್ಡನ್ ಡಬಲ್ಸ್ ಗೆದ್ದರು."

"ಶಭಾಷ್!" ಎಂದು ಮಾಸ್ತರು ಸೀಟಿನ ಕಂಬಿ ಬಡಿದದ್ದಕ್ಕೆ ಕಂಡಕ್ಟರ್ ತಿರುಗಿ ನೋಡಿದ, ಸ್ಟಾಪು ಬಂತೇನೋ ಎಂದು.

ದುಡ್ಡಿನ ಬಗ್ಗೆ ಮಾಸ್ತರರ ವಾದ ಬಕ್ಸ್‌ಟನ್‌ಳ ಎದುರು ಸ್ವಲ್ಪ ಸಡಿಲವಾಯಿತು. ಸಿರಿವಂತಿಕೆ ಕ್ಲಬ್ಬಿನ ಗೇಟಿನವರೆಗೆ ಕರೆದೊಯ್ಯುತ್ತದೆ. ಒಳಗೆ ಬಿಡುವುದು ಬಿಡದಿರುವುದು ಸದಸ್ಯರ ಮರ್ಜಿ. ಕರಿಯರು, ಯಹೂದಿಗಳು, ಬ್ರಿಟಿಷ್ ಭಾರತದ ಎಷ್ಟೋ ಬಿಳಿಯರ ಕ್ಲಬ್ಬುಗಳಲ್ಲಿ ಭಾರತೀಯರು: ಹೊರಗೆ ನಿಲ್ಲುವವರ ಸಾಲು ಊರಿಂದೂರಿಗೆ ಬದಲಾಗುತ್ತಿತ್ತು, ಗೇಟು ಅದೇ. ಮೆಹರ್‌ಬಾಯಿಗೆ ಟಾಟಾ ಹೆಸರು ಆ ಗೇಟು ತೆಗೆಸಿತು. ನೆಲ್ಲಿಗೆ ದೇಶದ ಪಟ್ಟ ಗೆದ್ದದ್ದೂ ಸಾಲಲಿಲ್ಲ.

ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಹೊರಗಿನವರಿಗೆ ಅದು ಕೆಂಪು ಬಾಳೆಹಣ್ಣಿನ ಊರು; ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮಾಸ್ತರರ ಹಿತ್ತಲಲ್ಲೂ ನಾಲ್ಕಾರು ಗಿಡ. ಮನೆ ಮುಟ್ಟಿ, ಚಹಾ ಕುಡಿದು, ಹಣ್ಣು ಮುಂದಿಟ್ಟುಕೊಂಡು ಕೂತ ಮೇಲೆ ಮಾತು ಮತ್ತೆ ಟಾಟಾ ಬಾಯಿಯ ಕಡೆ ತಿರುಗಿತು. ಈ ಸಲ ಕೋಚ್ ಹೇಳಿದ್ದು ವಜ್ರದ ಕಥೆ.

ದೊರಾಬ್‌ಜಿ ಹೆಂಡತಿಗೆಂದು ಕೊಂಡಿದ್ದ ಜುಬಿಲಿ ವಜ್ರ 245 ಕ್ಯಾರೆಟ್ಟಿನದು, ಕೊಹಿನೂರಿನ ಎರಡರಷ್ಟಕ್ಕೂ ಹೆಚ್ಚು. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಲ್ಲಿ ಸಿಕ್ಕ ಕಲ್ಲು. ಪ್ಯಾರಿಸ್ ಒಲಿಂಪಿಕ್ಸ್ ನಡೆದ ಅದೇ 1924ರಲ್ಲಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಮುಳುಗುವ ಹಂತಕ್ಕೆ ಬಂತು. ಕೂಲಿ ಕೊಡಲೂ ಹಣವಿಲ್ಲ. ದೊರಾಬ್‌ಜಿ ತಮ್ಮ ಆಸ್ತಿಯನ್ನೆಲ್ಲ, ಹೆಂಡತಿಯ ಒಡವೆ ಮತ್ತು ಆ ವಜ್ರವನ್ನೂ ಸೇರಿಸಿ, ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆ ಇಟ್ಟು ಒಂದು ಕೋಟಿ ರೂಪಾಯಿ ಸಾಲ ಎತ್ತಿದರು. ಕಾರ್ಖಾನೆ ಉಳಿಯಿತು.

"ಒಡವಿ ಯಾರದು, ಒತ್ತಿ ಇಟ್ಟಂವ ಯಾರು!" ಎಂದು ಒಳಗಿನಿಂದ ಮಾಸ್ತರರ ಹೆಂಡತಿ ಒಂದು ಮಾತು ಸೇರಿಸಿದರು. ಅದಕ್ಕೆ ಉತ್ತರ ಕೊಡುವ ಧೈರ್ಯ ಮಾಸ್ತರರೂ ಮಾಡಲಿಲ್ಲ.

ಟೆನ್ನಿಸ್ ಒಂದೇ ಆಗಿದ್ದರೆ ಲೇಡಿ ಟಾಟಾ ಒಬ್ಬ ಕುತೂಹಲದ ಸಿರಿವಂತೆಯಾಗಿ ಉಳಿದುಬಿಡುತ್ತಿದ್ದರು. ಹಾಗಾಗಲಿಲ್ಲ. 1925ರಲ್ಲಿ ಹುಟ್ಟಿದ ಭಾರತದ ಮಹಿಳೆಯರ ರಾಷ್ಟ್ರೀಯ ಮಂಡಳಿಯನ್ನು ಕಟ್ಟಿದವರಲ್ಲಿ ಅವರೊಬ್ಬರು. 1927ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ನಿಂತು ಬಾಲ್ಯವಿವಾಹ ತಡೆಯುವ ಮಸೂದೆಯ ಪರವಾಗಿ ಮಾತಾಡಿದರು. 1929ರಲ್ಲಿ ಶಾರದಾ ಕಾಯ್ದೆ ಬಂತು; ಹುಡುಗಿಯರ ಮದುವೆಗೆ ಕನಿಷ್ಠ 14 ವರ್ಷ ಎಂದಾಯಿತು. ನಿಜಾಮರ ಸೀಮೆಗೆ ಆ ಬ್ರಿಟಿಷ್ ಕಾಯ್ದೆ ನೇರ ಅನ್ವಯಿಸುತ್ತಿರಲಿಲ್ಲ ಎಂಬುದು ಬೇರೆ ಮಾತು.

ಮಾಸ್ತರರಿಗೆ ಇದು ಆಟಕ್ಕೆ ಸಂಬಂಧವಿಲ್ಲದ ಸಂಗತಿಯಲ್ಲ.

"ಒಂಬತ್ತನೇತ್ತೆ ತನಕ ಖೊಖೊದಾಗ ಹುಡುಗಿಯರನ್ನ ಹಿಡಿಯೋರಿರಲಿಲ್ಲ. ಹತ್ತನೇತ್ತೆ ಮುಗೀತಂದ್ರ ಲಗ್ನ. ಎಷ್ಟು ಮಂದಿ ಹೋದ್ರು ಹಂಗ! ಜಿಲ್ಲಾ ಮಟ್ಟದಾಗ ಗೆದ್ದವರು. ನಾ ಅವರಪ್ಪಂದಿರ ಮುಂದ ಕೈ ಮುಗಿದೀನಿ. ಇಂಥ ಒಬ್ಬಾಕಿ ಇದ್ದಳಂತ ಆಗ ನನಗ ಗೊತ್ತಿದ್ರ, ಹೇಳ್ಲಕ ಒಂದು ಹೆಸರಾದ್ರೂ ಇರ್ತಿತ್ತು."

"ಟಾಟಾ ಮನಿ ಸೊಸಿ ಆಡ್ತಿದ್ಲು ಅಂದ್ರ ಅವರು, ನಮ್ಮದು ಟಾಟಾ ಮನಿ ಅಲ್ಲ ಅಂತಿದ್ರು ಮಾಮಾ."

"ಅಂತಿದ್ರು. ಆದ್ರೂ ಹೇಳ್ತಿದ್ದೆ."

1931ರ ಜೂನ್ 18ರಂದು, ಉತ್ತರ ವೇಲ್ಸಿನ ರುತಿನ್ ಎಂಬಲ್ಲಿನ ಚಿಕಿತ್ಸಾಲಯದಲ್ಲಿ ಮೆಹರ್‌ಬಾಯಿ ಲ್ಯುಕೇಮಿಯಾದಿಂದ, ಅಂದರೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಸರ್ರೆಯ ಬ್ರೂಕ್‌ವುಡ್‌ನಲ್ಲಿ ಸಮಾಧಿ. ಒಂದು ವರ್ಷ ತುಂಬುವಷ್ಟರಲ್ಲಿ, ಆ ಸಮಾಧಿಗೆ ಹೋಗಬೇಕೆಂದು ಯುರೋಪಿಗೆ ಹೊರಟಿದ್ದ ದೊರಾಬ್‌ಜಿ 1932ರ ಜೂನ್ 3ರಂದು ಜರ್ಮನಿಯ ಬಾಡ್ ಕಿಸ್ಸಿಂಗೆನ್‌ನಲ್ಲಿ ಸತ್ತರು. ಅವರನ್ನೂ ಹೆಂಡತಿಯ ಪಕ್ಕಕ್ಕೆ ಒಯ್ದರು. ಹೊರಡುವ ಮೊದಲು ಎರಡು ಟ್ರಸ್ಟು ಮಾಡಿಟ್ಟಿದ್ದರು. ಹೆಂಡತಿಯ ಹೆಸರಿನದು ರಕ್ತದ ಕ್ಯಾನ್ಸರಿನ ಸಂಶೋಧನೆಗೆ. ದೊರಾಬ್‌ಜಿ ಹೆಸರಿನ ಇನ್ನೊಂದು ಟ್ರಸ್ಟಿನ ಹಣದಿಂದ 1941ರಲ್ಲಿ ಮುಂಬೈಯ ಪರೇಲಿನಲ್ಲಿ ಬಾಗಿಲು ತೆರೆದದ್ದೇ ಟಾಟಾ ಮೆಮೋರಿಯಲ್ ಆಸ್ಪತ್ರೆ.

ಇಷ್ಟು ಕೇಳುವಾಗ ಮಾಸ್ತರರ ಕೈಯಲ್ಲಿದ್ದ ಹಣ್ಣು ಸುಲಿದದ್ದು ಸುಲಿದಂತೇ ಇತ್ತು. ಕಲಬುರಗಿ ಜಿಲ್ಲೆಯವರಿಗೆ ಪರೇಲ್ ದೂರದ ಊರಲ್ಲ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಮುಂಬೈ. ಗಂಟಲು, ಎದೆ, ರಕ್ತ ಎಂದು ವೈದ್ಯರು ಚೀಟಿ ಬರೆದರೆ ಮನೆಯವರು ಮೊದಲು ಹೆಸರಿಸುವುದು ಟಾಟಾ ಆಸ್ಪತ್ರೆಯನ್ನೇ.

"ನಮ್ಮ ಅಣ್ಣನ್ನ ನಾನೇ ಕರಕೊಂಡು ಹೋಗಿದ್ದೆ," ಎಂದರು ಮಾಸ್ತರು. "ಫುಟ್‌ಪಾತಿನ ಮ್ಯಾಲ ಮಲಗಿದ್ವಿ. ಕನ್ನಡ ಮಾತಾಡೋರು ಅಲ್ಲಿ ಭಾಳ ಮಂದಿ. ಯಾರ ಹೆಸರಿನ ದವಾಖಾನಿ, ಯಾಕ ಕಟ್ಟಿದ್ರು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

"ಅದರ ಹಿಂದ ಆಕಿ ಜಡ್ಡು ಅದ, ಮಾಮಾ. ಆಕಿ ಒಡವಿನೂ ಮಾರಿದ್ರು. ಆಕಿ ಟೆನ್ನಿಸ್ ಆಡಿದಾಕಿ."

"ಸಾಹುಕಾರರಿಗೆ ನಾ ಇನ್ನೂ ಮಾಫಿ ಕೊಟ್ಟಿಲ್ಲ, ತಿಳೀತಲ್ಲ? ಆಡಿದವರನ್ನ ಮಾತ್ರ ಹೆಸರಿಟ್ಟು ಕರೀಬೇಕು. ಇನ್ನ ಮ್ಯಾಲ ರಸಪ್ರಶ್ನೆಗೆ ಯಾರರೇ ಕರೆದ್ರ ನೋರಾ ಪಾಲಿ ಯಾರು ಅಂತ ಕೇಳ್ತೀನಿ."

"ಲೀಲಾ ರಾವ್ ಹೆಸರೂ ಸೇರಿಸ್ರಿ. ಪಂಡಿತೆ ಕ್ಷಮಾ ರಾವ್ ಅವರ ಮಗಳು. 1934ರಾಗ ವಿಂಬಲ್ಡನ್‌ದಾಗ ಪಂದ್ಯ ಗೆದ್ದ ಮೊದಲನೇ ಭಾರತದಾಕಿ."

ಮಾಸ್ತರು ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಹೆಸರನ್ನೂ ಬರೆದುಕೊಂಡರು. ಕ್ಲಬ್ಬಿನ ಆ ಬಾಯಿಯ ಹೆಸರನ್ನು ಪತ್ತೆ ಮಾಡಬಹುದೇ ಎಂದು ಆಮೇಲೆ ಬಹಳ ಹೊತ್ತು ಮಾತಾಯಿತು. ಸಾಹೇಬರ ಹೆಸರಿದೆ, ಹುದ್ದೆ ಇದೆ. ಮಕ್ಕಳು ಹೈದರಾಬಾದಿನಲ್ಲೋ ಪುಣೆಯಲ್ಲೋ ಇರಬೇಕು. ಯಾರಿಗೆ ಫೋನು ಮಾಡಬೇಕೆಂಬ ಚರ್ಚೆ ಊಟದವರೆಗೂ ನಡೆಯಿತು.

ಕಲಬುರಗಿ, ಬೀದರ್, ರಾಯಚೂರು ಕಡೆ ನಿಜಾಮರ ಸರಕಾರದಲ್ಲಿ, ಆಮೇಲೆ ಮೈಸೂರು ರಾಜ್ಯದಲ್ಲಿ ನೌಕರಿ ಮಾಡಿದವರ ಮನೆಗಳಲ್ಲಿ ಕ್ಲಬ್ಬಿನ ಹಳೆಯ ಗುಂಪು ಫೋಟೋಗಳು ಟ್ರಂಕಿನ ತಳದಲ್ಲಿ ಸಿಗುತ್ತವೆ. ಅವುಗಳಲ್ಲಿ ಬ್ಯಾಟು ಹಿಡಿದ ಹೆಂಗಸೊಬ್ಬಳು ಕಂಡರೆ, ಗುರುತು ಹಿಡಿಯುವ ಹಿರಿಯರು ಮನೆಯಲ್ಲಿ ಇರುವಾಗಲೇ ಆಕೆಯ ಸ್ವಂತ ಹೆಸರನ್ನು ಕೇಳಿ ಫೋಟೋದ ಹಿಂದೆ ಬರೆದಿಡಿ. ಬಾಲ್ ಪೆನ್ ಬೇಡ, ಅದರ ಒತ್ತು ಮುಂಬದಿಗೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು.